ಎಡಗಿವಿಯ ಹಿಂದೆ ಎಪ್ಪತ್ತಮೂರು

ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಎಲ್ಲರ ಮಾಳಿಗೆಯ ಮೇಲೆ ಶ್ಯಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿದರೆ ನಮ್ಮ ಮಾಳಿಗೆಯ ಮೇಲೆ ದಾಳಿಂಬೆ ಸಿಪ್ಪೆ ಒಣಗುತ್ತಿತ್ತು. ಅದೂ ನಾವು ತಿಂದು ಬಿಟ್ಟದ್ದಲ್ಲ, ಹುಬ್ಬಳ್ಳಿಯ ಜ್ಯೂಸ್ ಅಂಗಡಿಗಳು ತಿಪ್ಪೆಗೆ ಚೆಲ್ಲಬೇಕಾದದ್ದು. ಅಣ್ಣನ ಹೆಂಡತಿ, ನಮ್ಮ ವೈನಿ ಶಾಂಭವಿ ಲಕಮನಹಳ್ಳಿಯ ಒಂದು ಸಣ್ಣ ಕಾರಖಾನೆಯಲ್ಲಿ ಕೆಲಸಕ್ಕಿದ್ದಳು. ಈ ಸಿಪ್ಪೆ, ಕಾಲ ಬಂದಾಗ ಮಾವಿನ ಗೊರಟೆ, ಇವನ್ನು ಒಣಗಿಸಿ ಪುಡಿ ಮಾಡಿ ಸತ್ವ ತೆಗೆದು, ಕೂದಲು ನರೆಯದ ಹಾಗೆ ತಡೆಯುವ, ನರೆತದ್ದನ್ನು ಮತ್ತೆ ಕಪ್ಪಾಗಿಸುವ ಔಷಧ ಮಾಡುವುದು ಅಲ್ಲಿಯ ಉದ್ಯೋಗ. ಅಲ್ಲಿಯ ಅಂಗಳ ಸಾಲದಾದಾಗ ಎರಡು ಚೀಲ ನಮ್ಮ ಮನೆಗೆ ಬರುತ್ತಿದ್ದವು. ನೊಣಗಳು ಬರುತ್ತಿದ್ದವು, ಅವುಗಳ ಹಿಂದೆಯೇ ಅವ್ವನ ಬೈಗುಳವೂ ಬರುತ್ತಿತ್ತು. ಜೋಳ ಹರವುವ ಜಾಗದಲ್ಲಿ ಮಂದಿಯ ಎಂಜಲು ಹರವುತ್ತೀಯಲ್ಲ ಎಂದು ಅವ್ವ, ಅದು ಎಂಜಲಲ್ಲ ಮಷೀನಿನಲ್ಲಿ ಹಿಂಡಿದ್ದು ಎಂದು ವೈನಿ. ದಿನಾ ಇದೇ.

ನಾಲ್ಕು ಜನರ ಮನೆ ನಮ್ಮದು. ಅವ್ವ ಸಂಗವ್ವನಿಗೆ ಅರವತ್ತೆರಡು. ಅಣ್ಣ ರಾಜಶೇಖರ ಟೆಂಪೊ ಹೊಡೆಯುತ್ತಿದ್ದ, ಬೆನ್ನಿನ ಎಲುಬು ಸರಿದು ಒಂದು ವರ್ಷದಿಂದ ಮಂಚ ಹಿಡಿದಿದ್ದ. ಅವನಿಗೂ ವೈನಿಗೂ ಮಕ್ಕಳಿಲ್ಲ. ನಾಲ್ಕನೆಯವಳು ನಾನು, ವಾಣಿಶ್ರೀ, ಗದಗಿನ ಗಂಡನ ಮನೆಯಿಂದ ಒಂದೇ ಚೀಲ ಹಿಡಿದುಕೊಂಡು ಬಂದವಳು. ಅಲ್ಲಿ ಏನಾಯಿತು ಅನ್ನುವುದು ಬೇರೆ ಕಥೆ, ಅದನ್ನು ನಾನು ಹೇಳುವುದಿಲ್ಲ. ಬಂದ ದಿನ ಅವ್ವ ಅತ್ತಳು, ಅಣ್ಣ ಗೋಡೆಯ ಕಡೆ ಮಗ್ಗಲಾದ. ವೈನಿ ಮಾತ್ರ ಏನೂ ಕೇಳಲಿಲ್ಲ. ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದಳು.

"ಹಿಟ್ಟ ನಾದು ವಾಣಿ. ನಾ ಪಲ್ಯಾಕ ಒಗ್ಗರಣಿ ಕೊಡತೇನಿ."

ಮನೆಗೆ ಬಂದ ಬೀಗರಿಗೆ, ನೆಂಟರಿಗೆ ಯಾರೂ ಹಿಟ್ಟು ನಾದು ಅನ್ನುವುದಿಲ್ಲ. ಈ ಮನೆಯಲ್ಲಿ ನನಗೆ ಜಾಗವಿದೆ ಎಂದು ನನಗೆ ಆಗ ತಿಳಿಯಿತು, ಪರಾತದ ಮೇಲೆ ಬಗ್ಗಿ ಅತ್ತೆ.

ವೈನಿಯ ಕೆಲಸ ಕಾಯಂ ಆಗಿರಲಿಲ್ಲ. ಎರಡು ವರ್ಷದಿಂದ ಇವತ್ತು ನಾಳೆ ಅನ್ನುತ್ತಿದ್ದ ಕಾರಖಾನೆಯ ವಿಜಯೀಂದ್ರ ಸರ್ ಕಡೆಗೊಂದು ಮಾತು ಕೊಟ್ಟರು. ಔಷಧವನ್ನು ಇಪ್ಪತ್ತು ಹೆಂಗಸರ ತಲೆಗೆ ಹನ್ನೆರಡು ವಾರ ಹಚ್ಚಿಸಿ ನೋಡಬೇಕು, ಗುಣ ಕಂಡರೆ ಪುಣೆಯ ಕಂಪನಿಯೊಂದು ಕೊಳ್ಳುತ್ತದೆ, ಆಗ ಶಾಂಭವಿಯ ಕೆಲಸ ಗಟ್ಟಿ. ಗುಣ ಕಾಣದಿದ್ದರೆ ಕೂದಲಿನ ವಿಭಾಗವೇ ಬಂದ್, ಅವಳೂ ಮನೆಗೆ. ಒಲೆ ಹೊತ್ತುತ್ತಿದ್ದದ್ದು, ಅಣ್ಣನ ಗುಳಿಗೆ ಬರುತ್ತಿದ್ದದ್ದು ಅದೊಂದೇ ಪಗಾರದಿಂದ.

ಇಪ್ಪತ್ತು ತಲೆ ಹುಡುಕುವುದು ಸುಲಭವೇನಲ್ಲ. ಬಣ್ಣ, ಮೆಹಂದಿ ಯಾವುದೂ ಇರಬಾರದು. ನಮ್ಮ ಓಣಿಯಲ್ಲಿ ಐವತ್ತು ದಾಟಿದವರೆಲ್ಲ ಕರಿ ಬಣ್ಣ ಬಳಿದುಕೊಂಡು ಮೂವತ್ತರವರಾಗಿ ಓಡಾಡುತ್ತಾರೆ. ಬಳೆ ಅಂಗಡಿಯ ಮೈಮುನಾಕ್ಕ, ವೈನಿಯ ಮೇಲಿನ ಪ್ರೀತಿಗೆ, ಈ ಸಲ ರಂಜಾನ್ ಹಬ್ಬಕ್ಕೂ ತಲೆಗೆ ಮೆಹಂದಿ ಹಚ್ಚುವುದಿಲ್ಲ ಎಂದು ಒಪ್ಪಿದಳು. ಹಾಗೂ ಹೀಗೂ ಹತ್ತೊಂಬತ್ತು ಆದವು. ಇಪ್ಪತ್ತನೆಯದಕ್ಕೆ ಅವ್ವನನ್ನು ಕೇಳಿದರೆ ಅವ್ವ ಊಟದ ತಾಟನ್ನೇ ಸರಿಸಿಬಿಟ್ಟಳು. ಅಣ್ಣ ಮಂಚದಿಂದಲೇ ಒದರಿದ, ನಿನ್ನ ತಲೆ ಏನು ಬಂಗಾರದ್ದಾ ಅಂದ. ಮಾತು ಬೆಳೆಯಿತು. ಅವ್ವ ಆಡಬಾರದ ಮಾತಾಡಿದಳು.

"ಮಂದಿ ಕೂದಲಾ ಕರೀ ಮಾಡಾಕ ಹೊಂಟಾಳ. ಮನ್ಯಾಗ ಒಂದ ತೊಟ್ಟಲಾ ತೂಗಾಕ ಆಗಲಿಲ್ಲ."

ವೈನಿ ಉಣ್ಣಲಿಲ್ಲ. ತನ್ನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಭಾಂಡಿ ತಿಕ್ಕಿ ಮಲಗಿದಳು.

ಮರುದಿನ ಭಾನುವಾರ. ಅವ್ವ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ ಬಂದು, ತುರುಬು ಬಿಚ್ಚಿ ವೈನಿಯ ಮುಂದೆ ನೆಲದ ಮೇಲೆ ಕೂತಳು. "ಎಣಿಸವಾ," ಅಂದಳು. ತಪ್ಪಾಯಿತು ಅನ್ನುವುದು ನಮ್ಮ ಅವ್ವನ ಬಾಯಿಗೆ ಬರುವ ಮಾತಲ್ಲ, ಅವಳಿಗೆ ಬರುವುದು ಇಷ್ಟೇ. ವೈನಿ ಕಣ್ಣೊರೆಸಿಕೊಂಡು ಭೂತಗನ್ನಡಿ ತಂದಳು.

ಎಣಿಸುವ ರೀತಿ ಹೀಗೆ. ಅಂಗಿಯ ಗುಂಡಿಯಷ್ಟಗಲದ ಒಂದು ಪ್ಲಾಸ್ಟಿಕ್ ಉಂಗುರ. ಎಡಗಿವಿಯಿಂದ ಮೂರು ಬೆರಳು ಹಿಂದೆ ಅದನ್ನಿಟ್ಟು, ಫೋಟೊ ತೆಗೆದು, ಒಳಗಿನ ಬಿಳಿ ಕೂದಲು ಎಷ್ಟೆಂದು ನೋಡುವುದು. ತಲೆಯ ಎಡಭಾಗಕ್ಕೆ ಔಷಧ, ಹೋಲಿಸಿ ನೋಡಲು ಬಲಭಾಗಕ್ಕೆ ಬರೀ ವಾಸನೆಯ ನೀರು. ವೈನಿ ಎಣಿಸುತ್ತಿದ್ದಳು, ನಾನು ನೋಟಬುಕ್ಕಿನಲ್ಲಿ ಬರೆಯುತ್ತಿದ್ದೆ. ಅವ್ವನ ಎಡಗಿವಿಯ ಹಿಂದೆ ಎಪ್ಪತ್ತಮೂರು.

ನಾಲ್ಕು ವಾರ ಕಳೆದವು. ಎಪ್ಪತ್ತಮೂರು ಎಪ್ಪತ್ತಮೂರಾಗಿಯೇ ಉಳಿಯಿತು. ಉಳಿದ ಹತ್ತೊಂಬತ್ತು ತಲೆಗಳಲ್ಲೂ ಅದೇ ಹಾಡು, ಒಂದು ಹೆಚ್ಚು, ಒಂದು ಕಡಿಮೆ. ವೈನಿ ಚಿಗರಿ ಬಸ್ಸಿನಿಂದ ಇಳಿದು ಬರುವ ನಡಿಗೆಯಲ್ಲೇ ಅವತ್ತು ಸರ್ ಏನಂದರು ಅನ್ನುವುದು ನಮಗೆ ತಿಳಿಯುತ್ತಿತ್ತು. ಶೇಂಗಾ ಹಿಂಡಿಯ ಜೊತೆ ಒಂದೂವರೆ ರೊಟ್ಟಿ ಉಣ್ಣುವವಳು ಅರ್ಧಕ್ಕೆ ಇಳಿದಳು. ಅಣ್ಣ ಸಿಡಿಮಿಡಿ ಮಾಡಿದ. ಮಂಚದ ಮೇಲೆ ಬಿದ್ದವನಿಗೆ ಬೇರೆ ಏನು ಬರುತ್ತದೆ?

ಒಂದು ಶನಿವಾರ ಮಧ್ಯಾಹ್ನ, ವೈನಿ ಕೆಲಸಕ್ಕೆ ಹೋಗಿದ್ದಳು, ಅಣ್ಣ ನಿದ್ದೆ ಮಾಡುತ್ತಿದ್ದ. ಅವ್ವ ನನ್ನನ್ನು ಹಿತ್ತಲಿಗೆ ಕರೆದು, ಮುಳ್ಳು ತೆಗೆಯುವ ಚಿಮಟಿಗೆಯನ್ನು ಕೈಗೆ ಕೊಟ್ಟಳು.

"ಆ ಉಂಗುರಾ ಇಡೋ ಜಾಗಾದಾಗ ಬಿಳೀವು ಐದು ಕಿತ್ತ ಒಗಿ."

ಒಂದು ಕಿತ್ತರೆ ಹತ್ತು ಹುಟ್ಟುತ್ತವೆ ಅಂತ ಸಣ್ಣವರಿದ್ದಾಗ ನೀನೇ ಹೇಳುತ್ತಿದ್ದೆಯಲ್ಲ ಅಂದೆ.

"ಹುಟ್ಟಲಿ. ಹುಟ್ಟೂದರಾಗ ಆಕಿ ಕೆಲಸಾ ಗಟ್ಟಿ ಆಗತೈತಿ. ನಾ ಆಕಿಗೆ ಅಂದ ಮಾತು ತಿರುಗಿ ನುಂಗಾಕ ಬರಂಗಿಲ್ಲ. ಇಷ್ಟರ ಮಾಡತೇನಿ."

ನಾನು ಕಿತ್ತೆ. ಹೊಲಿಗೆ ಕಲಿತ ಕೈ ನನ್ನದು, ನಡುಗುವುದಿಲ್ಲ. ಒಂದೇ ಕಡೆ ಕೀಳದೆ ಅಲ್ಲೊಂದು ಇಲ್ಲೊಂದು ಬಿಟ್ಟು ಬಿಟ್ಟು ಕಿತ್ತೆ. ಅವ್ವನ ಕಣ್ಣಲ್ಲಿ ನೀರು ಬಂದಿತು. ಕಿತ್ತದ್ದನ್ನು ಕಾಗದದಲ್ಲಿ ಸುತ್ತಿ ಒಲೆಗೆ ಹಾಕಿದಳು.

ಮರುದಿನ ವೈನಿ ಎರಡು ಸಲ ಎಣಿಸಿದಳು. ಅರವತ್ತೆಂಟು. ನಾನು ಬರೆದೆ. ವೈನಿಯ ಮುಖದ ಮೇಲೆ ಅವತ್ತು ಬಂದ ಕಳೆಯನ್ನು ಅವಳ ಮದುವೆಯ ಫೋಟೊದಲ್ಲೂ ನಾನು ನೋಡಿಲ್ಲ.

ಆಮೇಲೆ ಪ್ರತಿ ಶನಿವಾರ ಚಿಮಟಿಗೆ, ಪ್ರತಿ ಭಾನುವಾರ ಎಣಿಕೆ. ಅರವತ್ತಮೂರು, ಐವತ್ತೆಂಟು, ಐವತ್ತಮೂರು. ಮನೆ ಮನೆಯಂತಾಯಿತು ಅಂದರೆ ನೀವು ನಂಬಬೇಕು. ಯುಗಾದಿಗೆ ವೈನಿ ಹೋಳಿಗೆ ಮಾಡಿದಳು, ಅವ್ವ ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ತನ್ನ ತಾಟಿನೊಳಗಿನದನ್ನೇ ಬಾಯಿಗಿಟ್ಟಳು. ಸಿಪ್ಪೆ ಹರವಲು ಅವ್ವ ತಾನೇ ಮಾಳಿಗೆ ಹತ್ತತೊಡಗಿದಳು. ಅಣ್ಣ ಗೋಡೆ ಹಿಡಿದು ಹೊಸ್ತಿಲತನಕ ನಡೆದ. ಇದೆಲ್ಲ ಸುಳ್ಳಿನ ಮೇಲೆ ನಿಂತಿದೆ ಎಂದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಅವ್ವ. ಖರೇ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೂ ಸುಖವೆನಿಸಿತ್ತು.

ವೈನಿ ಮೋಸಗಾತಿಯಲ್ಲ. ಇಪ್ಪತ್ತರಲ್ಲಿ ಒಂದೇ ತಲೆ ಹೀಗಾಗುತ್ತಿದೆ, ಇದನ್ನು ನಂಬಬಾರದು ಎಂದು ಸರ್‌ಗೆ ತಾನೇ ಹೇಳಿದ್ದಳು. ಆದರೆ ಪುಣೆಯವರು ಅವಸರ ಮಾಡುತ್ತಿದ್ದರು. ಸರ್ ಫೋನಿನಲ್ಲೇ ಅವ್ವನಿಗೆ ಕೇಳಿದರು, ಉಳಿದವರಿಗಿಂತ ನೀವು ಬೇರೆ ಏನು ಮಾಡುತ್ತೀರಿ ಎಂದು. ಅವ್ವನಿಗೆ ಬಾಯಿಗೆ ಬಂದದ್ದು, "ಎರಡೂ ಹೊತ್ತು ಹಚ್ಚಿ ತಿಕ್ಕತೇನ್ರಿ." ಇನ್ನೊಂದು ಮಾತನ್ನೂ ಸೇರಿಸಿದಳು. "ಮೊದಲ ಉರೀತೈತ್ರಿ. ಉರದ್ರ ಹಿಡೀತು ಅಂತ ತಿಳಿಬೇಕು."

ಸುಳ್ಳು ಹೇಳುವವರು ಅಲ್ಲಿಗೇ ನಿಲ್ಲಿಸಬೇಕು. ನಿಲ್ಲಿಸಲು ಬರುವುದಿಲ್ಲ.

ಸರ್ ಔಷಧವನ್ನು ಎರಡು ಪಟ್ಟು ದಪ್ಪ ಮಾಡಿಸಿದರು, ಎಲ್ಲರೂ ಎರಡು ಹೊತ್ತು ಹಚ್ಚಬೇಕು ಎಂದರು. ಮೊದಲು ಇಬ್ಬರಿಗೆ ಹಚ್ಚಿ ನೋಡೋಣ ಎಂದು ವೈನಿ ಹೇಳಿದಳಂತೆ, ಗಟ್ಟಿಯಾಗಿ ಹೇಳಲಿಲ್ಲ. ಅವಳಿಗೂ ಕೆಲಸ ಬೇಕಾಗಿತ್ತು. ಹೊಸ ಬಾಟಲಿಗಳನ್ನು ಮನೆ ಮನೆಗೆ ಅವಳೇ ಹಂಚಿದಳು. ಅವ್ವನಿಗೂ ಒಂದು ಬಂತು. ಕಿತ್ತ ಜಾಗಕ್ಕೆ ಹಚ್ಚಿಕೊಂಡು ಎರಡು ದಿನ ಉರಿ ತಾಳಿದಳು, ಮೂರನೆಯ ದಿನ ಬಾಟಲಿಯನ್ನು ಬಚ್ಚಲಿಗೆ ಸುರುವಿದಳು. ನಾನು ನೋಡಿದೆ, ನೋಡಿ ಸುಮ್ಮನಿದ್ದೆ.

ಮೈಮುನಾಕ್ಕ ಸುರುವಲಿಲ್ಲ. ಉರಿಯುತ್ತದೆ ಅಂದಳು. ವೈನಿ ಧೈರ್ಯ ಹೇಳಿದಳು, ನಮ್ಮ ಅತ್ತಿಯವರಿಗೂ ಮೊದಲು ಉರಿಯುತ್ತಿತ್ತಂತೆ, ಆಮೇಲೆ ಗುಣ ಕಂಡಿತು ಎಂದು. ಮೈಮುನಾಕ್ಕ ಮಾತಿನ ಮನುಷ್ಯಳು, ಹಲ್ಲು ಕಚ್ಚಿ ಎರಡು ಹೊತ್ತೂ ಹಚ್ಚಿದಳು. ಎಂಟನೆಯ ದಿನ ತಲೆಯ ಎಡಭಾಗ ಬೊಬ್ಬೆ ಎದ್ದು ಕೀವಾಯಿತು. ಜ್ವರ ಬಂದು ಮಾತು ತೊದಲಿತು. ಸತ್ತೂರಿನ ದವಾಖಾನೆಗೆ ಆಟೊದಲ್ಲಿ ಒಯ್ದವಳು ವೈನಿಯೇ. ಅರ್ಧ ತಲೆ ಬೋಳಿಸಿ, ಕೆಟ್ಟ ಚರ್ಮ ಕೆರೆದು ತೆಗೆದರು. ಹದಿಮೂರು ದಿನ ಅಲ್ಲೇ ಇದ್ದಳು, ಅಷ್ಟೂ ದಿನ ವೈನಿ ಎರಡು ಹೊತ್ತು ಬುತ್ತಿ ಒಯ್ದಳು. ಇನ್ನೂ ಮೂವರಿಗೆ ತಲೆ ಕೆಂಪಾಗಿತ್ತು, ಅವರದು ವಾಸಿಯಾಯಿತು.

ಅವ್ವ ಆ ಹದಿಮೂರು ದಿನ ಪೂಜೆಗೆ ಕೂತರೆ ಏಳುತ್ತಿರಲಿಲ್ಲ. ಹೇಳಿಬಿಡೋಣ ಎಂದು ನಾನು ಒಮ್ಮೆ ಅಂದೆ. ಹೇಳಿದರೆ ಮೈಮುನಾನ ತಲೆ ಸುಧಾರಿಸುತ್ತದೇನು ಎಂದು ಅವ್ವ ಕೇಳಿದಳು. ಎರಡನೆಯ ಸಲ ನಾನು ಅನ್ನಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ವಿಜಯೀಂದ್ರ ಸರ್ ನಮ್ಮ ಮನೆಗೇ ಬಂದರು. ಧಾರವಾಡದ ಮಂದಿ, ಮೆತ್ತಗೆ ಮಾತಾಡುವವರು. ಚಹಾ ಬೇಡವೆಂದರು. ಫೋನಿಗೆ ಒಂದು ಸಣ್ಣ ಭೂತಗನ್ನಡಿ ಸಿಕ್ಕಿಸಿ ಅವ್ವನ ಕಿವಿಯ ಹಿಂದೆ ಬಹಳ ಹೊತ್ತು ನೋಡಿದರು, ಫೆಬ್ರುವರಿಯ ಫೋಟೊ ತೆರೆದು ಅದನ್ನೂ ನೋಡಿದರು.

"ಶಾಂಭವಿಯವರ, ನೀವು ಬರೇ ಬಿಳೀವು ಎಣಿಸೀರಿ. ಕರೀವು ಎಣಿಸಿಲ್ಲ. ಅವತ್ತ ಕರೀವು ನಲವತ್ತೊಂದು ಅವ, ಇವತ್ತೂ ನಲವತ್ತೊಂದ ಅವ. ಬಿಳೀವು ಇಪ್ಪತ್ತೈದು ಕಡಿಮಿ. ಅವು ಕರೀವು ಆಗಿದ್ರ ಕರೀವು ಹೆಚ್ಚಾಗಬೇಕಿತ್ತಲ್ಲ? ಇಲ್ಲೆ ಕೂದಲಾನ ಇಲ್ಲ. ಕಿತ್ತಾರ."

ವೈನಿ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. ಅವಳ ಮುಖ ಬೂದಿಯಾಯಿತು.

ಅವ್ವ ಎದ್ದು ನಿಂತಳು. "ನಾನ ಕಿತ್ಕೊಂಡೇನ್ರಿ. ಆಕಿಗೆ ಏನೂ ಗೊತ್ತಿಲ್ಲ."

ಸರ್ ಚಿಮಟಿಗೆ ಕೇಳಿ ತರಿಸಿ ಅವ್ವನ ಕೈಗೇ ಕೊಟ್ಟರು, ಹಾಗಾದರೆ ನನ್ನ ಮುಂದೆ ಒಂದು ಕಿತ್ತು ತೋರಿಸಿ ಅಂದರು. ಅವ್ವನ ಕೈ ನಾಲ್ಕು ವರ್ಷದಿಂದ ನಡುಗುತ್ತದೆ, ಸೂಜಿಗೆ ದಾರ ನಾನೇ ಪೋಣಿಸಿಕೊಡಬೇಕು. ಕಿವಿಯ ಹಿಂದೆ ಚಿಮಟಿಗೆ ಒಯ್ದು ತಡಕಾಡಿದಳು, ಕಿವಿಯನ್ನೇ ಹಿಡಿದಳು, ಚರ್ಮ ಹಿಡಿದಳು, ರಕ್ತ ಬಂದಿತು, ಕೂದಲು ಬರಲಿಲ್ಲ.

"ಸಾಕು ಬಿಡ್ರಿ ಅವ್ವಾರ," ಅಂದರು ಸರ್. "ಸೊಸೀನ ಕಾಯಾಕ ಹೊಂಟೀರಿ. ಛಲೋ ಮನಸ್ಸದ ನಿಮ್ಮದು. ಆದ್ರ ಇದು ಬ್ಯಾರೆಯವರ ಕೈ ಕೆಲಸ. ಯಾರು?"

ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ, ಕೈಗೆ ಹಿಟ್ಟು ಮೆತ್ತಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ಅಣ್ಣ ಮಂಚದ ಮೇಲೆ ಎದ್ದು ಕೂತು, ನೀನು ಕಿತ್ತಿಲ್ಲ ಅಂತ ಹೇಳು ಶಾಂಭವಿ ಎಂದು ಅಳುವ ದನಿಯಲ್ಲಿ ಕೂಗಿದ. ಕಿತ್ತಿಲ್ಲ ಅಂದಳು ವೈನಿ. ಯಾರೂ ಕೇಳಿಸಿಕೊಳ್ಳಲಿಲ್ಲ. ಒಂದು ಮಾತು, ನಾನು ಅನ್ನುವ ಒಂದೇ ಮಾತು ನನ್ನ ನಾಲಿಗೆಯ ಮೇಲಿತ್ತು. ಗದಗಿನ ಆ ಮನೆಯ ಬಾಗಿಲು ಕಣ್ಣ ಮುಂದೆ ಬಂತು. ಇಲ್ಲಿಂದಲೂ ಹೊರಗೆ ಹಾಕಿದರೆ ಎಲ್ಲಿಗೆ ಹೋಗಲಿ ಎಂದು ಹೆದರಿದೆ. ಒಳಗೆ ಹೋಗಿ ರೊಟ್ಟಿ ಬಡಿದೆ.

ಕೆಲಸ ಹೋಯಿತು. ಕೂದಲು ಕಿತ್ತು ಸುಳ್ಳು ಲೆಕ್ಕ ಬರೆದು, ಅದರಿಂದ ಒಬ್ಬ ಹೆಂಗಸಿನ ತಲೆ ಸುಟ್ಟವಳು ಎಂದು ಲಕಮನಹಳ್ಳಿಯ ತುಂಬ ವೈನಿಯ ಹೆಸರಾಯಿತು. ಬೇರೆ ಯಾವ ಕಾರಖಾನೆಯವರೂ ಗೇಟಿನೊಳಗೆ ಬಿಡಲಿಲ್ಲ. ಬಿ.ಎಸ್ಸಿ. ಓದಿದವಳು ವಿದ್ಯಾನಗರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋದಳು, ದಿನಕ್ಕೆ ಮುನ್ನೂರು. ಮುಂಗೈಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಅಣ್ಣ ಮತ್ತೆ ಮಂಚಕ್ಕೆ ಅಂಟಿದ. ಅವ್ವ ಮಾತು ಬಿಟ್ಟಳು, ಎರಡು ಹೊತ್ತಿನ ಊಟ ಒಂದಕ್ಕೆ ಇಳಿಸಿದಳು. ವೈನಿ ಮಾತ್ರ ಪ್ರತಿದಿನ ಖಾನಾವಳಿಗೆ ಹೋಗುವ ಮುಂಚೆ ಮೈಮುನಾಕ್ಕನ ಮನೆಗೆ ಹೋಗಿ ಅವಳ ತಲೆಗೆ ಮುಲಾಮು ಹಚ್ಚಿ ಬರುತ್ತಿದ್ದಳು. ಪೊಲೀಸರ ಹತ್ತಿರ ಹೋಗು ಎಂದು ಓಣಿಯವರು ಎಷ್ಟು ಹೇಳಿದರೂ ಮೈಮುನಾಕ್ಕ ಹೋಗಿರಲಿಲ್ಲ.

ಶ್ರಾವಣದ ಒಂದು ಭಾನುವಾರ ವೈನಿ ಅವ್ವನನ್ನು ಕರೆದು ಕೂಡಿಸಿಕೊಂಡು ತಲೆ ಬಾಚಿದಳು. ಆಮೇಲೆ ಎಲ್ಲಿಂದಲೋ ಆ ಉಂಗುರ ತಂದು ಕಿವಿಯ ಹಿಂದೆ ಇಟ್ಟು ಎಣಿಸತೊಡಗಿದಳು.

"ಎಪ್ಪತ್ತಮೂರು," ಅಂದಳು. "ಎಲ್ಲಾ ತಿರುಗಿ ಬಂದಾವ, ಒಂದೂ ತಪ್ಪಿಲ್ಲ. ವಾಣಿ, ಅತ್ತಿಯವರ ಕೈಲೆ ಆಗೂದಲ್ಲ ಅದು. ನಾ ಕಿತ್ತಿಲ್ಲ. ಇವರು ಮಂಚಾ ಬಿಟ್ಟ ಏಳಂಗಿಲ್ಲ. ಮನ್ಯಾಗ ಉಳದಾವರು ಯಾರು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ವೈನಿ ನನ್ನ ಕಡೆ ತಿರುಗಿದಳು.

"ಅವತ್ತ ಗೊತ್ತಾತು ನನಗ. ಇವತ್ತ ಹೇಳತಿ, ನಾಳೆ ಹೇಳತಿ ಅಂತ ಕಾಯ್ದೆ. ಸರ್‌ಗೆ ಹೇಳೂದ ಬ್ಯಾಡ, ಆ ಕೆಲಸಾ ಹೋತು. ಮೈಮುನಾಕ್ಕಗ ಹೇಳು. ನನ್ನಿಂದ ಹಿಂಗಾತಂತ ತಿಳಕೊಂಡೂ ಆಕಿ ನನಗ ದಿನಾ ಚಾ ಮಾಡಿ ಕೊಡತಾಳ. ನನಗದು ಗಂಟಲದಾಗ ಇಳಿವಲ್ತು. ಇದೊಂದ ಮಾಡು, ಸಾಕು."

ನಾನು ಹೋದೆ. ಹೇಳಬೇಕೆಂದೇ ಹೋದೆ, ಶಿವನಾಣೆ. ಮೈಮುನಾಕ್ಕ ತಲೆಗೆ ದುಪಟ್ಟಾ ಬಿಗಿದುಕೊಂಡು ಬಳೆ ಜೋಡಿಸುತ್ತಿದ್ದಳು. ದುಪಟ್ಟಾ ಸರಿದಲ್ಲಿ ಎಡಗಿವಿಯ ಮೇಲೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಅಲ್ಲಿ ಇನ್ನು ಕೂದಲು ಬರುವುದಿಲ್ಲವಂತೆ. ಬಾರವ್ವ ವಾಣಿ ಎಂದು ಕೂಡಿಸಿ ಚಹಾ ಇಟ್ಟಳು. ಚಹಾದ ಬಸಿಯನ್ನು ನನ್ನ ಕೈಗೆ ಕೊಟ್ಟು ತಾನೇ ಮಾತು ತೆಗೆದಳು.

"ನಿಮ್ಮ ವೈನಿ ಅಂಥಾಕಿ ಅಲ್ಲ. ಆಕಿ ಕೈ ನನ್ನ ತಲಿಗೆ ದಿನಾ ಹತ್ತತೈತಿ, ನನಗ ಗೊತ್ತಾಗತೈತಿ. ಯಾರೋ ಆಕಿ ಹೆಸರ ಕೆಡಿಸ್ಯಾರ. ಆ ಕೂದಲಾ ಕಿತ್ತಾವರ ಕೈ ಸೇದಿ ಬಿದ್ದ ಹೋಗಲಿ."

ಬಸಿ ನನ್ನ ಕೈಯಲ್ಲೇ ಇತ್ತು. ಚಹಾ ಕುಡಿದೆ. ಬಳೆ ಚೆನ್ನಾಗಿವೆ ಅಂದೆ. ಬರುತ್ತೇನೆ ಅಕ್ಕ ಎಂದು ಎದ್ದು ಬಂದೆ.

ವೈನಿ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ಯಾ?"

"ಹೇಳಿದೆ."

"ಏನಂದ್ಳು?"

"ಹೋಗಲಿ ಬಿಡು ಅಂದ್ಳು."

ವೈನಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಕೆಲಸ ಹೋದ ದಿನವೂ ಅವಳು ಅತ್ತಿರಲಿಲ್ಲ. ನನ್ನ ಕೈ ಹಿಡಿದು ಭಾಳ ಛಲೋ ಮಾಡಿದಿ ಅಂದಳು. ಅವ್ವ ಬಂದು ನಮ್ಮಿಬ್ಬರ ತಲೆಯನ್ನೂ ಸವರಿದಳು. ಸಂಜೆ ಬದನೆಕಾಯಿ ಎಣ್ಣಿಗಾಯಿ ಆಯಿತು, ಅವ್ವ ಎಷ್ಟೋ ದಿನದ ಮೇಲೆ ಎರಡನೆಯ ಹೊತ್ತೂ ಉಂಡಳು.

ಮರುದಿನ ಬೆಳಿಗ್ಗೆ ವೈನಿ ಎಂದಿನಂತೆ ಮುಲಾಮು ಹಚ್ಚಲು ಹೋದಳು. ನಾನು ಪರಾತಕ್ಕೆ ಹಿಟ್ಟು ಹಾಕಿ ಬಿಸಿನೀರು ಸುರುವಿ ಕೂತಿದ್ದೆ. ಅವಳು ಬೇಗನೆ ತಿರುಗಿ ಬಂದಳು. ಚಪ್ಪಲಿ ಬಿಟ್ಟಳು, ಬಚ್ಚಲಿಗೆ ಹೋಗಿ ಕೈ ತೊಳೆದಳು, ಬಂದು ನನ್ನ ಮುಂದಿನ ಪರಾತವನ್ನು ಎತ್ತಿಕೊಂಡಳು.

"ನಾ ನಾದತೇನಿ ವೈನಿ," ಅಂದೆ.

"ಬ್ಯಾಡ. ಬಳಿ ಛಲೋ ಅದಾವ ಅಂದ ಎದ್ದ ಬಂದಿಯಂತ. ನೀ ಕೂಡು."

ಅವಳು ನಾದಿದಳು, ಬಡಿದಳು, ಬೇಯಿಸಿದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಅಣ್ಣನಿಗಿಂತ ಮೊದಲು, ಅವ್ವನಿಗಿಂತ ಮೊದಲು ನನ್ನ ಮುಂದೆ ತಾಟು ಇಟ್ಟಳು. ಬೀಗರಿಗೆ ಹಾಕುವ ಹಾಗೆ ಬಿಸಿರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು.